ಮೂರು ತಿಂಗಳ ಚಿಕ್ಕಮ್ಮ

ವೀಸಾದ ಅರ್ಜಿಯಲ್ಲಿ ಸುಗಲಮ್ಮ ಅಮಿತಳ ಚಿಕ್ಕಮ್ಮ ಎಂದು ಬರೆಸಿದ್ದರು. ಅದಕ್ಕೆ ಮೊದಲು ಅಮೀರ್‌ಪೇಟೆಯ ಅಮಿತಳ ಮನೆಯಲ್ಲಿ ಸುಗಲಮ್ಮ ಅಡಿಗೆ ಮಾಡುವವಳು, ಮಗು ನೋಡಿಕೊಳ್ಳುವವಳು ಅಷ್ಟೆ. ಸೋಫಾದ ಮೇಲೆ ಒಂದು ದಿನವೂ ಕೂತವಳಲ್ಲ. ಅವಳ ಚಹಾದ ಲೋಟ ಬೇರೆ, ಅದು ಸಿಂಕಿನ ಕೆಳಗೆ ಇರುತ್ತಿತ್ತು.

“ಏರ್‌ಪೋರ್ಟಲ್ಲಿ ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀರಾ?” ಎಂದು ಅಮಿತ ದಿನಕ್ಕೊಂದು ಸಲ ಪರೀಕ್ಷೆ ಮಾಡುತ್ತಿದ್ದಳು.

“ಅಮಿತಾನ ಚಿಕ್ಕಮ್ಮ ಅಂತೀನ್ರಿ.”

“ಅಂತೀನ್ರಿ ಅಲ್ಲ. ಚಿಕ್ಕಮ್ಮ ಯಾರಾದ್ರೂ ರಿ ಹಾಕ್ತಾರಾ?”

ಸುಗಲಮ್ಮನಿಗೆ ಆಗ ನಲವತ್ತೊಂದು. ಹುಟ್ಟಿದ್ದು ಮಾನ್ವಿ ತಾಲ್ಲೂಕಿನಲ್ಲಿ. ಮದುವೆಯಾದ ವರ್ಷವೇ ಗಂಡ ಅಂಬಣ್ಣನ ಹಿಂದೆ ಹೈದರಾಬಾದಿಗೆ ಬಂದಳು. ಅಂಬಣ್ಣ ಸನತ್‌ನಗರದ ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವಳು ಮೊದಲ ಹತ್ತು ವರ್ಷ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತಳು, ಸೊಂಟ ಹಿಡಿದುಕೊಂಡ ಮೇಲೆ ಮನೆಗೆಲಸಕ್ಕೆ ಸೇರಿದಳು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ್ದಳು. ತೆಲುಗು, ಹೈದರಾಬಾದಿ ಹಿಂದಿ ಎರಡೂ ಬಾಯಿಗೆ ಸಲೀಸು. ಮುಖ ಗಂಟಿಕ್ಕಿಯೇ ಇರುತ್ತಿತ್ತು. ಮಾತು ಕಡಿಮೆ, ಆಡಿದರೆ ಒರಟು.

ಅಮಿತ ಮತ್ತು ರವಿಶಂಕರ್ ಮೈಸೂರಿನವರು. ಇಬ್ಬರೂ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು. ಎರಡು ಸಾವಿರದ ಐದರಲ್ಲಿ ಊರೆಲ್ಲ ಕಂಪನಿಗಳು ಏಳುತ್ತಿದ್ದವು, ಕೆಲಸದವರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸುತ್ತಿದ್ದವು. ಇವರಿಬ್ಬರನ್ನೂ ಲಕ್ಸೆಂಬರ್ಗಿನ ಒಂದು ಬ್ಯಾಂಕಿನ ಕೆಲಸಕ್ಕೆ ಎರಡು ವರ್ಷದ ಮಟ್ಟಿಗೆ ಹಾಕಿದರು. ಮಗಳು ಗಾನವಿಗೆ ಹತ್ತು ತಿಂಗಳು. ಅಮಿತಳ ತಾಯಿಗೆ ಚಳಿ ಆಗದು. ಅತ್ತೆಯ ಜೊತೆ ಅಮಿತಳಿಗೆ ಆಗದು. ಮಗು ಸುಗಲಮ್ಮನ ಹೆಗಲ ಮೇಲಲ್ಲದೆ ಬೇರೆಲ್ಲೂ ನಿದ್ದೆ ಮಾಡುತ್ತಿರಲಿಲ್ಲ.

“ಮೂರೇ ತಿಂಗಳು ಬನ್ನಿ,” ಎಂದ ರವಿಶಂಕರ್. “ಸುವರ್ಣಾಗೆ ನಮ್ಮ ಕಂಪನೀಲಿ ಕೆಲಸ ಕೊಡಿಸೋ ಜವಾಬ್ದಾರಿ ನಂದು.”

ಸುವರ್ಣಾ ಅವಳ ಒಬ್ಬಳೇ ಮಗಳು, ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ಆ ಮಾತು ಕೇಳಿದ ಸಂಜೆ ಅವಳು ಪಕ್ಕದವರಿಂದ ಇಂಗ್ಲಿಷ್ ಪತ್ರಿಕೆ ತಂದು ಗಟ್ಟಿಯಾಗಿ ಓದತೊಡಗಿದಳು. ಸುಗಲಮ್ಮ ಹೂಂ ಎಂದಳು. ಹತ್ತು ಸೇರು ಜೋಳದ ಹಿಟ್ಟು, ರೊಟ್ಟಿ ಬಡಿಯುವ ಹಲಗೆ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಒಂದು ಡಬ್ಬಿ ಕಟ್ಟಿಕೊಂಡು ಬೇಗಂಪೇಟೆಯಲ್ಲಿ ವಿಮಾನ ಹತ್ತಿದಳು.

ಲಕ್ಸೆಂಬರ್ಗಿನಲ್ಲಿ ಇಳಿದಾಗ ಅಧಿಕಾರಿ ಅವಳನ್ನು ಏನೂ ಕೇಳಲಿಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ಚೀಟಿಯ ಕೊನೆಯ ತಾರೀಕನ್ನು ಅವಳು ಸಾಲಿನಲ್ಲಿ ನಿಂತೇ ಓದಿಕೊಂಡಿದ್ದಳು: ಡಿಸೆಂಬರ್ ಹದಿನೆಂಟು. ಅಂಕಿಗಳು ಎಲ್ಲ ದೇಶದಲ್ಲೂ ಒಂದೇ ಎಂಬುದು ಅವಳಿಗೆ ಸಮಾಧಾನ ತಂದಿತ್ತು. ಹೊರಗೆ ಬಂದ ಕೂಡಲೇ ರವಿಶಂಕರ್ ಕೈ ಚಾಚಿದ.

“ಕೊಡಿ, ಕಳೆದುಹೋಗತ್ತೆ.”

ಅಂದು ಅವನ ಮೇಜಿನ ಖಾನೆಗೆ ಹೋದ ಪಾಸ್‌ಪೋರ್ಟು ಬೀಗದೊಳಗೇ ಉಳಿಯಿತು.

ಮನೆ ಎರಡನೆಯ ಮಹಡಿಯಲ್ಲಿ. ಕಿಟಕಿಯಿಂದ ನೋಡಿದರೆ ಒಂದು ಬೀದಿ, ಬೀದಿಯಲ್ಲಿ ಯಾರೂ ಇಲ್ಲ. ಕರ್ಫ್ಯೂ ಹಾಕಿದ್ದಾರೆಂದು ಮೊದಲ ದಿನ ಅವಳು ನಿಜವಾಗಿಯೂ ನಂಬಿದ್ದಳು. ಅಮಿತ ಫ್ರಿಜ್ಜಿನ ಮೇಲೆ ಕನ್ನಡದಲ್ಲಿ ನಿಯಮಗಳನ್ನು ಬರೆದು ಅಂಟಿಸಿದಳು. ಭಾನುವಾರ ಮಿಕ್ಸಿ ಹಾಕಬಾರದು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು. ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿ ಕಿಟಕಿ ತೆರೆಯಬೇಕು. ಗಾಜಿಗೆ ಒಂದು ಡಬ್ಬಿ, ಕಾಗದಕ್ಕೆ ಒಂದು, ಪ್ಲಾಸ್ಟಿಕ್ಕಿಗೆ ನೀಲಿ ಚೀಲ. ಯಾರ ಜೊತೆಗೂ ಮಾತಾಡಬಾರದು. ಈ ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ಕೆಳಗಿನ ಮಹಡಿಯಲ್ಲಿ ಮದಾಮ್ ಶ್ಮಿಟ್ ಇದ್ದಳು. ಅಂಚೆ ಕಚೇರಿಯಿಂದ ನಿವೃತ್ತಳಾದ ಒಂಟಿ ಹೆಂಗಸು. ಮೂವತ್ತು ವರ್ಷದಿಂದ ಅದೇ ಮನೆಯಲ್ಲಿ ವಾಸ. ಮೆಟ್ಟಿಲಲ್ಲಿ ಸುಗಲಮ್ಮ ಎದುರಾದರೆ ಗೋಡೆಗೆ ಅಂಟಿಕೊಂಡು, ಮೂಗಿನ ಹತ್ತಿರ ಕೈ ಬೀಸಿಕೊಂಡು ಹೋಗುತ್ತಿದ್ದಳು. ಒಂದು ಸಲ ಸುಗಲಮ್ಮ ನೀಲಿ ಚೀಲದಲ್ಲಿ ತಪ್ಪಿ ಮೊಸರಿನ ಗಾಜಿನ ಶೀಶೆ ಹಾಕಿದ್ದಳು. ಮದಾಮ್ ಶ್ಮಿಟ್ ಆ ಚೀಲವನ್ನೇ ಎತ್ತಿಕೊಂಡು ಮೇಲೆ ಬಂದು, ಬಾಗಿಲ ಮುಂದೆ ಕಸವನ್ನೆಲ್ಲ ಸುರುವಿ ಹೋದಳು.

ಸುಗಲಮ್ಮನಿಗೆ ಬ್ರೆಡ್ಡು ಗಂಟಲಲ್ಲಿ ಇಳಿಯದು. ಮನೆಯವರು ಏಳುವ ಮೊದಲು, ಬೆಳಿಗ್ಗೆ ಆರಕ್ಕೆ, ತನಗೆ ಎರಡು ರೊಟ್ಟಿ ಬಡಿದುಕೊಳ್ಳುತ್ತಿದ್ದಳು. ಮೂರನೆಯ ದಿನ ಕೆಳಗಿನಿಂದ ಕಸಬರಿಗೆಯ ಹಿಡಿಯಿಂದ ಛಾವಣಿ ಕುಟ್ಟುವ ಸದ್ದು ಬಂತು. ಇವಳ ರೊಟ್ಟಿ ನಿಂತರೆ ಅದೂ ನಿಲ್ಲುತ್ತಿತ್ತು. ವಾರದ ಕೊನೆಗೆ ಅಂಚೆ ಡಬ್ಬಿಯಲ್ಲಿ ಪತ್ರ ಬಂತು. ಮುಂದಿನ ವಾರ ಇನ್ನೊಂದು ಬಂತು. ಎರಡನೆಯದರ ಪ್ರತಿ ಮನೆಯ ಮಾಲೀಕನಿಗೂ ಹೋಗಿತ್ತು.

“ಇಲ್ಲಿ ನಾವು ಮರ್ಯಾದೆಯಿಂದ ಇರ್ಬೇಕು,” ಎಂದು ಅಮಿತ ಕೂಗಿದಳು. “ನಿಮ್ಮ ರೊಟ್ಟಿಗೋಸ್ಕರ ಮನೆ ಖಾಲಿ ಮಾಡ್ಬೇಕಾ? ಆಫೀಸಲ್ಲಿ ನನ್ನ ಕೋಟು ಮೂಸಿ ನೋಡಿ ಎದ್ದು ಹೋಗ್ತಾರೆ, ಗೊತ್ತಾ?”

“ಹೊಟ್ಟಿಗಿ ಏನ್ ತಿನ್ಲಿ ಅಮ್ಮಾರ?”

“ನಾವು ತಿಂದಿದ್ದನ್ನೇ ತಿನ್ನಿ.”

ಅಮಿತಳೂ ಆ ಊರಿನಲ್ಲಿ ಸುಖವಾಗಿರಲಿಲ್ಲ. ಅವಳು ಊಟಕ್ಕೆ ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ. ತಮ್ಮ ಕೆಲಸ ಹೈದರಾಬಾದಿಗೆ ಹೋಗುತ್ತದೆಂದು ಬ್ಯಾಂಕಿನವರಿಗೆಲ್ಲ ಗೊತ್ತಿತ್ತು. ಅಲ್ಲಿ ನುಂಗಿಕೊಂಡದ್ದನ್ನೆಲ್ಲ ಅವಳು ಮನೆಗೆ ತಂದು ಸುಗಲಮ್ಮನ ಮೇಲೆ ಕಾರುತ್ತಿದ್ದಳು. ಅಕ್ಟೋಬರ್ ಮುಗಿಯುವ ಹೊತ್ತಿಗೆ ‘ನೀವು’ ಹೋಗಿ ‘ನೀನು’ ಬಂದಿತ್ತು. ಹೊರಗೆ ಜನರೆದುರು ಮಾತ್ರ ‘ಚಿಕ್ಕಮ್ಮ’.

ಸುಗಲಮ್ಮ ಹಲಗೆಯ ಕೆಳಗೆ ಕಂಬಳಿ ಮಡಿಸಿ ಹಾಕಿ, ಸದ್ದಾಗದಂತೆ ರೊಟ್ಟಿ ತಟ್ಟುವುದನ್ನು ಕಲಿತಳು. ಮಧ್ಯಾಹ್ನ ಗಾನವಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿ ಹತ್ತಿರದ ಉದ್ಯಾನಕ್ಕೆ ಒಯ್ಯುವಷ್ಟು ಅಪ್ಪಣೆ ಇತ್ತು. ಅಲ್ಲಿ ಬೆಂಚಿನ ಮೇಲೆ ಕೂತರೆ ಅದರ ಇನ್ನೊಂದು ತುದಿ ಖಾಲಿಯಾಗುತ್ತಿತ್ತು. ಅಂಗಡಿಯಲ್ಲಿ ಹಾಲು ತರಲು ಹೋದರೆ ಒಬ್ಬ ಹೆಂಗಸು ಅವಳ ಹಿಂದೆಯೇ ಸಾಲಿನಿಂದ ಸಾಲಿಗೆ ನಡೆಯುತ್ತಿದ್ದಳು. ಸುಗಲಮ್ಮ ಒಂದು ದಿನ ನಿಂತು, ತಿರುಗಿ, ಸೀರೆಯ ಸೆರಗು ಝಾಡಿಸಿ ತೋರಿಸಿದಳು. “ಏನಿಲ್ಲ ನೋಡವ್ವಾ, ಕಣ್ಣು ತಂಪಾತೇನು?” ಎಂದು ಕನ್ನಡದಲ್ಲೇ ಕೇಳಿದಳು. ಆ ಹೆಂಗಸಿನ ಮುಖ ಕೆಂಪಾಯಿತು, ಆದರೂ ಬೆನ್ನು ಬಿಡಲಿಲ್ಲ.

ಆ ಊರಿನಲ್ಲಿ ಅವಳೊಂದಿಗೆ ಮನುಷ್ಯಳಂತೆ ನಡೆದುಕೊಂಡವಳು ಒಬ್ಬಳೇ. ಮಂಗಳವಾರ ಮತ್ತು ಶುಕ್ರವಾರ ಮೆಟ್ಟಿಲು ಒರೆಸಲು ಬರುತ್ತಿದ್ದ ಹೆಂಗಸು. ಹೆಸರು ಫಾತಿಮಾ ಎಂದಳು. ಸುಗಲಮ್ಮನಿಗೆ ಸನತ್‌ನಗರದ ತನ್ನ ಓಣಿಯೇ ಎದುರು ಬಂದಂತಾಯಿತು.

“ಸಲಾಂ ಫಾತಿಮಾ ಬೀ, ಕೈಸೆ ಹೈ?” ಎಂದಳು.

ಫಾತಿಮಾ ಕಣ್ಣರಳಿಸಿ, ಕೊರಳಿನ ಸರ ಎಳೆದು ಶಿಲುಬೆ ತೋರಿಸಿದಳು. ಅವಳು ಪೋರ್ಚುಗಲ್ಲಿನವಳು, ಅಲ್ಲಿ ಕ್ರೈಸ್ತರೂ ಆ ಹೆಸರಿಡುತ್ತಾರೆ. ಇಬ್ಬರಿಗೂ ಒಂದೂ ಭಾಷೆ ಸೇರುತ್ತಿರಲಿಲ್ಲ. ಒಬ್ಬಳು ಕೈ ತೋರಿಸಿದರೆ ಇನ್ನೊಬ್ಬಳು ತಲೆ ಆಡಿಸುತ್ತಿದ್ದಳು. ಯಾವ ಡಬ್ಬಿಗೆ ಯಾವ ಕಸ ಎಂದು ಸರಿಯಾಗಿ ಕಲಿಸಿದವಳು ಫಾತಿಮಾ. ಒದ್ದೆ ಮೆಟ್ಟಿಲ ಮೇಲೆ ಮದಾಮ್ ಶ್ಮಿಟ್ ಬೇಕೆಂದೇ ಬೂಟುಗಾಲಲ್ಲಿ ನಡೆದು ಹೋದಾಗ, ಫಾತಿಮಾ ಅವಳ ಬೆನ್ನಿಗೆ ಬೆರಳುಗಳಿಂದ ಏನೋ ಸನ್ನೆ ಮಾಡಿದಳು. ಸುಗಲಮ್ಮನಿಗೆ ಅದು ಅರ್ಥವಾಯಿತು. ಆ ದೇಶಕ್ಕೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಡಿಸೆಂಬರ್ ಬಂತು. ಮಧ್ಯಾಹ್ನ ನಾಲ್ಕೂವರೆಗೆ ಕತ್ತಲಾಗತೊಡಗಿತು. ಸುಗಲಮ್ಮ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸುತ್ತಿದ್ದಳು. ವಾಪಸು ಟಿಕೀಟು ಹದಿನಾಲ್ಕಕ್ಕೆ. ಮೊದಲ ವಾರ ಮುಗಿದರೂ ಮನೆಯಲ್ಲಿ ಯಾರೂ ಆ ಮಾತು ತೆಗೆಯಲಿಲ್ಲ. ಎಂಟನೆಯ ತಾರೀಕು ಊಟಕ್ಕೆ ಬಡಿಸುತ್ತ ಅವಳೇ ಕೇಳಿದಳು.

“ಸಾಹೇಬ್ರ, ನನ್ನ ಟಿಕೀಟು ಇದೇ ಹದಿನಾಲ್ಕಕ್ಕಲ್ರೀ?”

ರವಿಶಂಕರ್ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅದನ್ನ ಕ್ಯಾನ್ಸಲ್ ಮಾಡಿಸಿದೀವಿ. ಬೇಸಿಗೆವರೆಗೂ ಇರು. ಗಾನವಿಗೆ ಶಿಶುವಿಹಾರದಲ್ಲಿ ಜಾಗ ಸಿಗೋದು ಏಪ್ರಿಲ್‌ಗೇ.”

“ವೀಸಾ ಹದಿನೆಂಟಕ್ಕ ಮುಗೀತೈತ್ರಿ.”

“ಮುಗೀಲಿ. ಯಾರ್ ಬಂದು ನೋಡ್ತಾರೆ? ಇನ್ಮೇಲೆ ಹೊರಗೆ ಹೋಗ್ಬೇಡ, ಅಷ್ಟೆ.”

ಸುಗಲಮ್ಮ ಸೌಟು ಕೆಳಗಿಟ್ಟಳು. “ನಾ ಮೂರು ತಿಂಗಳಂತ ಬಂದೀನಿ. ಕಳ್ಳರ ಹಂಗ ಅಡಗಿಕೊಂಡು ಕುಂದರಾಕ ಬಂದಿಲ್ಲ. ನನ್ನ ಪಾಸ್‌ಪೋರ್ಟ್ ಕೊಡ್ರಿ.”

“ಕೊಟ್ರೆ ಎಲ್ಲಿಗೆ ಹೋಗ್ತೀಯ?” ಎಂದಳು ಅಮಿತ. “ರಸ್ತೆ ಗೊತ್ತಾ ನಿಂಗೆ? ಭಾಷೆ ಗೊತ್ತಾ? ಸುವರ್ಣಾಗೆ ಕೆಲಸ ಬೇಕೋ ಬೇಡ್ವೋ, ಮೊದಲು ಅದನ್ನ ಹೇಳು.”

ಸುಗಲಮ್ಮ ಒಳಗೆ ಹೋಗಿ ಗಾನವಿಯ ಪಕ್ಕ ಕೂತಳು. ಮಗಳು ಈ ಮೂರು ತಿಂಗಳು ಫೋನಿನಲ್ಲಿ ಪ್ರತಿ ಸಲವೂ ಇಂಗ್ಲಿಷಿನಲ್ಲಿ ಒಂದೆರಡು ವಾಕ್ಯ ಆಡಿ ತೋರಿಸಿದ್ದಳು. “ಅವ್ವಾ, ಸಾಹೇಬ್ರಿಗೆ ನೆನಪ್ ಮಾಡು” ಎಂದು ಕೊನೆಯಲ್ಲಿ ಹೇಳುತ್ತಿದ್ದಳು. ಕೈಗೆ ಪಾಸ್‌ಪೋರ್ಟಿಲ್ಲ. ಪೊಲೀಸ್ ಠಾಣೆ ಎಲ್ಲಿದೆಯೆಂದು ಗೊತ್ತಿಲ್ಲ. ಗೊತ್ತಿದ್ದರೂ ಮಗುವನ್ನು ಮನೆಯಲ್ಲಿ ಒಂಟಿ ಬಿಟ್ಟು ಹೋಗುವಂತಿಲ್ಲ.

ಮರುದಿನ ಶುಕ್ರವಾರ. ಮೆಟ್ಟಿಲಲ್ಲಿ ಫಾತಿಮಾಳಿಗೆ ಕೈಸನ್ನೆಯಲ್ಲಿ ಎಲ್ಲ ಹೇಳಿದಳು. ಕ್ಯಾಲೆಂಡರಿನ ಹಾಳೆಯಲ್ಲಿ ಹದಿನೆಂಟನ್ನು ತೋರಿಸಿದಳು, ಬೀಗ ತಿರುಗಿಸಿ ತೋರಿಸಿದಳು. ಅಮಿತ ಮೆಟ್ಟಿಲಲ್ಲಿ ಎಲ್ಲರಿಗೂ ಇವಳನ್ನು ಚಿಕ್ಕಮ್ಮನೆಂದು ಹೇಳುವುದನ್ನು ಫಾತಿಮಾ ಕೇಳಿದ್ದಳು. ಬಹಳ ಹೊತ್ತು ಯೋಚಿಸಿ ಅವಳಿಗೆ ಎರಡು ಮಾತು ಕಲಿಸಿದಳು. ಚಿಕ್ಕಮ್ಮನಿಗೆ ಅಲ್ಲಿನವರು ‘ತಾಂತ್’ ಎನ್ನುತ್ತಾರೆ, ಕೆಲಸಕ್ಕೆ ‘ತ್ರವಾಯ್’. ಸುಗಲಮ್ಮ ಅವೆರಡನ್ನೂ ಅಡಿಗೆ ಮಾಡುತ್ತ, ಮಗುವಿಗೆ ಉಣಿಸುತ್ತ, ಇಡೀ ದಿನ ಬಾಯಲ್ಲಿ ಹೊರಳಿಸಿದಳು.

ಆ ಭಾನುವಾರ, ಹನ್ನೊಂದನೆಯ ತಾರೀಕು, ಬೆಳಿಗ್ಗೆ ಆರಕ್ಕೆ ಎದ್ದಳು. ಉಳಿದಿದ್ದ ಜೋಳದ ಹಿಟ್ಟನ್ನೆಲ್ಲ ಕಲಸಿದಳು. ಕಂಬಳಿಯನ್ನು ಮಡಿಸಿ ಮೂಲೆಗಿಟ್ಟಳು. ಹಲಗೆಯನ್ನು ತಂದು ಬರಿಯ ನೆಲದ ಮೇಲೆ, ಮದಾಮ್ ಶ್ಮಿಟ್ ಮಲಗುವ ಕೋಣೆಯ ನೇರ ಮೇಲೆ ಇಟ್ಟಳು. ಮಾನ್ವಿಯಲ್ಲಿ ಹೊಲದ ಆಳುಗಳಿಗೆ ಮೂವತ್ತು ರೊಟ್ಟಿ ಬಡಿಯುತ್ತಿದ್ದ ಕೈ ಅದು. ಎತ್ತಿ ಎತ್ತಿ ಬಡಿದಳು.

ಕೆಳಗಿನಿಂದ ಕಸಬರಿಗೆ ಕುಟ್ಟಿತು. ಇವಳು ಇನ್ನೂ ಜೋರಾಗಿ ಬಡಿದಳು. ಕೆಳಗೆ ಕಿರುಚಾಟ ಶುರುವಾಯಿತು. ಅಮಿತ ಓಡಿ ಬಂದಳು.

“ಹುಚ್ಚು ಹಿಡಿದಿದ್ಯಾ ನಿಂಗೆ? ನಿಲ್ಸು!”

“ಹಸಿವು ಆಗ್ಯಾದ್ರಿ.”

“ಇಷ್ಟೊಂದಾ? ಪೊಲೀಸ್ನೋರು ಬರ್ತಾರೆ!”

“ಬರ್ಲಿ,” ಎಂದಳು ಸುಗಲಮ್ಮ. ಮುಂದಿನ ಉಂಡೆ ತೆಗೆದುಕೊಂಡಳು.

ಅರ್ಧ ಗಂಟೆಗೆ ಪೊಲೀಸರು ಬಂದರು. ಒಬ್ಬ ಗಂಡಸು, ಒಬ್ಬಳು ಹೆಂಗಸು. ಅವರ ಹಿಂದೆ ಮದಾಮ್ ಶ್ಮಿಟ್ ನಿಲುವಂಗಿಯಲ್ಲೇ ನಿಂತು ಬಡಬಡ ಮಾತಾಡುತ್ತಿದ್ದಳು. ಅಮಿತ ನಗುಮುಖ ಮಾಡಿಕೊಂಡು ಇಂಗ್ಲಿಷಿನಲ್ಲಿ ಸಮಾಧಾನ ಹೇಳತೊಡಗಿದಳು. ಹಳ್ಳಿಯ ಚಿಕ್ಕಮ್ಮ, ವಯಸ್ಸಾಗಿದೆ, ತಿಳಿವಳಿಕೆ ಇಲ್ಲ ಎನ್ನುತ್ತಿದ್ದಾಳೆಂದು ಸುಗಲಮ್ಮನಿಗೆ ಅವಳ ಕೈ ಆಡುವ ರೀತಿಯಲ್ಲೇ ಗೊತ್ತಾಯಿತು. ಹಿಟ್ಟಿನ ಕೈಯಲ್ಲೇ ಬಂದು ನಡುವೆ ನಿಂತಳು.

“ತಾಂತ್, ನೋ,” ಎಂದಳು. ತನ್ನ ಎದೆ ಮುಟ್ಟಿಕೊಂಡು, “ತ್ರವಾಯ್. ತ್ರವಾಯ್.”

“ಬಾಯ್ ಮುಚ್ಚು ಸುಗಲಮ್ಮ!” ರವಿಶಂಕರನ ದನಿ ಒಡೆಯಿತು.

“ಪಾಸ್‌ಪೋರ್ಟ್,” ಎಂದಳು ಅವಳು, ಅವನ ಮೇಜಿನ ಕಡೆ ಬೆರಳು ಮಾಡಿ. ಬೀಗ ತಿರುಗಿಸುವಂತೆ ಕೈ ತಿರುಗಿಸಿದಳು.

ಪೊಲೀಸ್ ಹೆಂಗಸು ಅವಳನ್ನು, ಆಮೇಲೆ ರವಿಶಂಕರನನ್ನು ನೋಡಿದಳು. ಖಾನೆ ತೆರೆಸಿದಳು. ಪಾಸ್‌ಪೋರ್ಟಿನ ಚೀಟಿ ನೋಡಿ, ವಾಪಸು ಟಿಕೀಟು ಕೇಳಿದಳು. ಅದು ಇರಲಿಲ್ಲ. ಅವಳು ಒಂದು ಹಾಳೆಯ ತುಂಬ ಬರೆದುಕೊಂಡಳು. ಸದ್ದಿನ ದೂರನ್ನೂ ಬಿಡದೆ ಬರೆದುಕೊಂಡಳು. ಮದಾಮ್ ಶ್ಮಿಟ್ ಗೆದ್ದವಳಂತೆ ಕೆಳಗಿಳಿದಳು.

ಸೋಮವಾರ ಪೊಲೀಸರು ಅವಳನ್ನು ವಲಸೆ ಕಚೇರಿಗೆ ಕರೆಸಿ, ಹಿಂದಿ ಬಲ್ಲ ಒಬ್ಬರನ್ನು ಫೋನಿನಲ್ಲಿ ಹಿಡಿದುಕೊಟ್ಟರು. ತಾನು ಚಿಕ್ಕಮ್ಮನಲ್ಲ, ಕೆಲಸದವಳು, ವೀಸಾ ಮುಗಿಯುವ ಮೊದಲು ಮನೆಗೆ ಹೋಗಬೇಕು ಎಂದು ಸುಗಲಮ್ಮ ತನ್ನ ಹೈದರಾಬಾದಿ ಹಿಂದಿಯಲ್ಲಿ ನೇರವಾಗಿ ಹೇಳಿದಳು: “ಮೈ ಇನ್ಕಿ ಖಾಲಾ ನೈ, ಕಾಮ್‌ವಾಲಿ ಹೂಂ. ವೀಸಾ ಖತಂ ಹೋನೇ ಕೆ ಪೈಲೇ ಘರ್ ಜಾನಾ ಮೇರೆಕು.” ಸುಳ್ಳು ಕಾಗದದ ಮೇಲೆ ಅವಳ ಸಹಿಯೂ ಇದೆ, ಇನ್ನು ಮುಂದೆ ಈ ದೇಶಕ್ಕೆ ಬರುವುದು ಕಷ್ಟ ಎಂದು ಆ ಕಡೆಯ ದನಿ ತಿಳಿಸಿತು. “ಯಾರಿಗೆ ಬರೋದೈತಿ?” ಎಂದು ಅವಳು ಕನ್ನಡದಲ್ಲಿ ಗೊಣಗಿದಳು. ರವಿಶಂಕರನಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಸುದ್ದಿ ಅವನ ಮೇಲಧಿಕಾರಿಗೂ ಮುಟ್ಟಿತು. ಹದಿನೈದಕ್ಕೆ ಟಿಕೀಟು ಆಯಿತು.

ಉಳಿದ ಮೂರು ದಿನ ಆ ಮನೆಯಲ್ಲಿ ಯಾರೂ ಅವಳ ಜೊತೆ ಮಾತಾಡಲಿಲ್ಲ. ಅಮಿತ ರಜೆ ಹಾಕಿ ಮನೆಯಲ್ಲೇ ಕೂತಳು, ಗಾನವಿಯನ್ನು ಅವಳ ಕೈಗೆ ಕೊಡಲಿಲ್ಲ. ಮಗುವನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದಳು. ಮಗು ಬಾಗಿಲಿಗೆ ಕೈ ಬಡಿಯುತ್ತ ಅತ್ತಿತು, ಅತ್ತೂ ಅತ್ತೂ ದನಿ ಬತ್ತಿತು. ಸುಗಲಮ್ಮ ಈಚೆ ನೆಲದ ಮೇಲೆ ಕೂತು ಕೇಳಿದಳು. ಬೈಗಳನ್ನೆಲ್ಲ ತಡೆದುಕೊಂಡಿದ್ದಳು. ಇದನ್ನು ತಡೆಯಲಾಗಲಿಲ್ಲ. ಎರಡನೆಯ ದಿನ ಬಾಗಿಲ ಹತ್ತಿರ ಹೋಗಿ, “ಅಮ್ಮಾರ, ಒಮ್ಮಿ ಎತ್ಕೊಂತೀನ್ರಿ” ಎಂದಳು.

“ನಮ್ಮನ್ನ ಪೊಲೀಸ್ನೋರಿಗೆ ಹಿಡಿದುಕೊಟ್ಟವಳು ನನ್ನ ಮಗೂನ ಮುಟ್ಬಾರ್ದು,” ಎಂದು ಒಳಗಿನಿಂದ ಉತ್ತರ ಬಂತು.

ಹೊರಡುವಾಗ ರವಿಶಂಕರ್ ಕಾರಿನಲ್ಲಿ ಒಂದೇ ಮಾತು ಆಡಿದ: “ಸುವರ್ಣಾ ವಿಷಯ ಮರೆತುಬಿಡು.”

ಸನತ್‌ನಗರದಲ್ಲಿ ಅಂಬಣ್ಣ, “ಬಂದ್ಯಲ್ಲ, ಛಲೋ ಆತು” ಎಂದಷ್ಟೇ ಹೇಳಿ ಕಾರ್ಖಾನೆಗೆ ಹೋದ. ಸುವರ್ಣಾ ಪೂರ್ತಿ ಕತೆ ಕೇಳಿದಳು. ಮುಖ ಕಪ್ಪಿಟ್ಟಿತು.

“ನಾಕ್ ತಿಂಗಳು ತಡಕೊಳ್ಳಾಕ ಆಗ್ಲಿಲ್ಲೇನು ನಿನಗ?” ಎಂದಳು.

“ವೀಸಾ ಇಲ್ದಂಗ ಹೆಂಗ ಇರ್ಲೇ?”

“ಇರೋರು ಇರ್ತಾರ. ನೀ ನಿನ್ನ ಹಟ ನೋಡ್ಕೊಂಡಿ.”

ಆ ಮೇಲೆ ತಿಂಗಳೊಪ್ಪತ್ತು ಅವಳು ತಾಯಿಯ ಜೊತೆ ಮಾತು ಬಿಟ್ಟಳು. ಓಣಿಯ ತುಳಸಾಬಾಯಿ, ಸುಗಲಮ್ಮ ಏನೋ ಕದ್ದಳಂತೆ, ಅಲ್ಲಿ ಜೇಲಿಗೆ ಹಾಕಿ ಕಳಿಸಿದರಂತೆ ಎಂದು ನಳದ ಹತ್ತಿರ ಹೇಳಿಕೊಂಡು ತಿರುಗಿದಳು. ಸುಗಲಮ್ಮ ಒಂದು ದಿನ ಕೊಡ ಕೆಳಗಿಟ್ಟು ಅವಳೆದುರು ನಿಂತು, “ನಾ ಕದ್ದಿದ್ದು ಏನು, ಹೇಳು” ಎಂದಳು. ತುಳಸಾಬಾಯಿ ಆ ದಿನ ಸುಮ್ಮನಾದಳು. ಆದರೆ ಮೊದಲು ಕರೆದು ಕೆಲಸ ಕೊಡುತ್ತಿದ್ದ ಎರಡು ಮನೆಯವರು ಅವಳನ್ನು ಮತ್ತೆ ಕರೆಯಲಿಲ್ಲ. ಅಮಿತಳ ಫೋನು ಅವರಿಗೂ ಬಂದಿತ್ತೆಂದು ಆಮೇಲೆ ತಿಳಿಯಿತು. ಕೊನೆಗೆ ಅಮೀರ್‌ಪೇಟೆಯಲ್ಲಿ, ಕಂಪ್ಯೂಟರ್ ಕಲಿಯಲು ಬಂದ ಹುಡುಗಿಯರ ಹಾಸ್ಟೆಲ್ಲಿನ ಅಡಿಗೆಮನೆಗೆ ಸೇರಿದಳು. ದಿನಕ್ಕೆ ಅರವತ್ತು ಜನರ ಅಡಿಗೆ. ಅಲ್ಲಿ ಮಾಡುವವರಿಗೂ ಉಣ್ಣುವವರಿಗೂ ತಟ್ಟೆ ಒಂದೇ ತರಹದ್ದು.

ಮೇ ತಿಂಗಳಲ್ಲಿ ಹಾಸ್ಟೆಲ್ಲಿಗೆ ಅಮಿತಳ ಫೋನು ಬಂತು. ನಂಬರು ಎಲ್ಲಿ ಸಿಕ್ಕಿತೋ. ಗಾನವಿ ಏನು ಕೊಟ್ಟರೂ ಉಗುಳುತ್ತಾಳೆ, ತೂಕ ಇಳಿದಿದೆ ಎಂದಳು. “ನೀವು ಅವಳಿಗೆ ಏನು ಹಾಕಿ ತಿನ್ನಿಸ್ತಾ ಇದ್ರಿ?” ‘ನೀವು’ ಮರಳಿ ಬಂದಿತ್ತು.

ಸುಗಲಮ್ಮ ನಿಧಾನವಾಗಿ ಹೇಳಿದಳು. ಹೆಸರುಬೇಳೆ ಹುರಿಯಬೇಕು, ಅಕ್ಕಿ ಅದರ ಎರಡರಷ್ಟು, ಒಂದು ಎಸಳು ಬೆಳ್ಳುಳ್ಳಿ, ಬೆಂದ ಮೇಲೆ ಕೈಯಿಂದಲೇ ಕಿವುಚಬೇಕು, ಮಿಕ್ಸಿಗೆ ಹಾಕಬಾರದು. ಉಣಿಸುವಾಗ ಕಿಟಕಿಯ ಹತ್ತಿರ ನಿಲ್ಲಬೇಕು, ಬಸ್ಸು ಬಂದಾಗ ಬಾಯಿ ತೆರೆಯುತ್ತದೆ. ಅಮಿತ ಎಲ್ಲ ಬರೆದುಕೊಂಡಳು. ಮತ್ತೇನೋ ಹೇಳಲು ಹೊರಟಳು. ಸುಗಲಮ್ಮ ಫೋನು ಇಟ್ಟುಬಿಟ್ಟಳು.

ಸುವರ್ಣಾಳಿಗೆ ಮಳೆಗಾಲದ ಹೊತ್ತಿಗೆ ತಾರ್ನಾಕದ ಒಂದು ಆಸ್ಪತ್ರೆಯಲ್ಲಿ, ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ ಸಿಕ್ಕಿತು. ಬಯಸಿದ ಕಂಪನಿಯ ಕೆಲಸವಲ್ಲ, ಅದರ ಅರ್ಧ ಸಂಬಳವೂ ಇಲ್ಲ. ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಬೇಕು, ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕು. ತಾಯಿ ಮಗಳ ನಡುವೆ ಊಟ, ಬಟ್ಟೆ, ನೀರು ಇಷ್ಟರ ಮಾತು ಮರಳಿತ್ತು. ಒಂದು ಬೆಳಿಗ್ಗೆ ಸುವರ್ಣಾ ಜಡೆ ಹಾಕಿಕೊಳ್ಳುತ್ತ ಇದ್ದಕ್ಕಿದ್ದಂತೆ ಕೇಳಿದಳು.

“ಅವತ್ತು ಪೊಲೀಸ್ರ ಮುಂದ ನಿನಗ ಅಂಜಿಕಿ ಬರ್ಲಿಲ್ಲೇನು?”

“ಬಂದಿತ್ತು.”

“ನನ್ನ ಕೆಲ್ಸದ ನೆನಪಾಗ್ಲಿಲ್ಲೇನು ಆವಾಗ?”

ಸುಗಲಮ್ಮ ಸುಳ್ಳು ಹೇಳಬಹುದಿತ್ತು. “ಆತು,” ಎಂದಳು. “ಆದ್ರೂ ಹೇಳ್ದೆ.”

ಸುವರ್ಣಾ ಕನ್ನಡಿಯಲ್ಲಿ ತಾಯಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಬುತ್ತಿ ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಬಸ್ಸಿಗೆ ಹೊರಟಳು.